ಗಾರ್ನೆಟ್ ನದಿಯ ಕೊನೆಯ ನೀರು

ರೊವೀನಾ ಸ್ಟ್ರೌಡ್‌ಳ ರಬ್ಬರ್ ರಾಫ್ಟ್ ಹತ್ತಿದ ಪ್ರವಾಸಿಗಳಿಗೆ ಮೊದಲು ಸಿಗುತ್ತಿದ್ದದ್ದು ಬೈಗುಳ, ಆಮೇಲೆ ಹುಟ್ಟು.

“ನೀನು ಡಾಕ್ಟರಾ? ಒಳ್ಳೇದಾಯ್ತು. ಮೂಗು ಮುರಿದ್ರೆ ನೀನೇ ಜೋಡಿಸ್ಕೋ. ಹಾಗಲ್ಲ ಕಣಯ್ಯಾ ಹುಟ್ಟು ಹಿಡಿಯೋದು, ಅದೇನು ಸಾರಿನ ಸೌಟಾ?”

ಬಂದವರು ನಗುತ್ತಿದ್ದರು. ತಮಾಷೆಗೆ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಅವಳ ಬಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿದ ನನಗೆ ಗೊತ್ತಿತ್ತು, ಅವಳು ತಮಾಷೆ ಮಾಡುವವಳಲ್ಲ. ಬೆಳಿಗ್ಗೆ ಜನರನ್ನೂ ರಾಫ್ಟ್‌ಗಳನ್ನೂ ಅಣೆಕಟ್ಟಿನ ಬುಡದಲ್ಲಿ ಇಳಿಸುವುದು, ಮಧ್ಯಾಹ್ನ ಹದಿನೇಳು ಮೈಲಿ ಕೆಳಗೆ ಹಾರ್ಲನ್ ಫೆರಿ ಸೇತುವೆಯ ಹತ್ತಿರ ಕಾದಿದ್ದು ಒದ್ದೆ ಮುದ್ದೆಯಾದ ಅದೇ ಜನರನ್ನು ತುಂಬಿಕೊಂಡು ವಾಪಸಾಗುವುದು ನನ್ನ ಕೆಲಸ. ಹೋಗುವಾಗ ಅವಳನ್ನು ನೋಡಿ ನಕ್ಕವರು ಬರುವಾಗ ಅವಳ ಪಕ್ಕದ ಸೀಟಿನಲ್ಲಿ ಕೂರಲು ಹೆದರುತ್ತಿದ್ದರು.

ಗಿಡ್ಡ ಹೆಂಗಸು. ಭುಜ ಮಾತ್ರ ಎತ್ತಿನ ಹಾಗೆ. ಮುಂದಿನ ಎರಡು ಹಲ್ಲು ಯಾವನೋ ಪ್ರವಾಸಿಯ ಹುಟ್ಟಿನ ಹಿಡಿ ಬಡಿದು ಅರ್ಧಕ್ಕೆ ಮುರಿದಿದ್ದವು, ಅವನ್ನು ಸರಿಮಾಡಿಸಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಗೈಡ್ ಆದವಳು. ಅಂದಿನಿಂದ ಅವಳ ದೋಣಿಯಲ್ಲಿ ಒಬ್ಬರೂ ಸತ್ತಿರಲಿಲ್ಲ. ನಮ್ಮ ಕಣಿವೆಯಲ್ಲಿ ಆ ಮಾತು ಹೇಳಿಕೊಳ್ಳಬಲ್ಲ ಇನ್ನೊಬ್ಬ ಗೈಡ್ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅದನ್ನು ಬೆದರಿಕೆಯ ಹಾಗೆ ಹೇಳುತ್ತಿದ್ದಳು.

ಅವಳು ಹುಟ್ಟಿದ್ದೇ ಅಣೆಕಟ್ಟಿನ ಪಕ್ಕದ ಕರೆಂಟು ಕಂಪನಿಯ ಮನೆಯಲ್ಲಿ. ಅಪ್ಪ ಆಲ್ವಾ ಸ್ಟ್ರೌಡ್ ಅಲ್ಲಿ ಗೇಟಿನ ಕೆಲಸದವನು. ಬೇಸಿಗೆಯಲ್ಲಿ ಊರೂರಿನಲ್ಲಿ ಎ.ಸಿ. ಶುರುವಾಗುವ ಹೊತ್ತಿಗೆ ಕರೆಂಟು ಬೇಕು. ಅದಕ್ಕೆ ದಿನಾ ಬೆಳಿಗ್ಗೆ ಗೇಟು ಎತ್ತಿ ನೀರು ಬಿಡಬೇಕು. ಆ ನೀರು ಬಂದರಷ್ಟೇ ನಮ್ಮ ಗಾರ್ನೆಟ್ ನದಿಗೆ ಜೀವ. ಬರದಿದ್ದರೆ ಆಗಸ್ಟಿನಲ್ಲಿ ಅದು ಪಾದ ಮುಳುಗದ ಕಲ್ಲಿನ ಹಾದಿ. ದಂಡೆಯವರನ್ನು ಎಚ್ಚರಿಸಲು ಒಂದು ಸೈರನ್, ನಲವತ್ತು ನಿಮಿಷ, ಆಮೇಲೆ ಕಪ್ಪು ಲಾವಾ ಬಂಡೆಗಳ ನಡುವೆ ಬಿಳಿ ನೊರೆ ಎದ್ದು ಬರುವುದು. ಒಂಬತ್ತು ವರ್ಷದ ರೊವೀನಾ ಲಾರಿ ಟಯರಿನ ಟ್ಯೂಬಿನ ಮೇಲೆ ಕೂತು ಆ ನೀರಿನ ಹಿಂದೆ ಹೋಗಿದ್ದಳು. ಆಲ್ವಾ ಬೆಲ್ಟು ಬಿಚ್ಚಿ ಹೊಡೆದ. ಮಾರನೇ ದಿನ ಬಾಸುಂಡೆಯ ಮೇಲೇ ಟ್ಯೂಬು ಹತ್ತಿದಳು.

ನಲವತ್ತು ವರ್ಷ ದಿನಾ ನೀರು ಬಿಟ್ಟ ಆಲ್ವಾ ಆ ನೀರಿನ ಮೇಲೆ ಒಮ್ಮೆಯೂ ಹೋದವನಲ್ಲ. ಅವನಿಗೆ ಈಜು ಬರುತ್ತಿರಲಿಲ್ಲ.

ಲೈಲ್ ಗಾರ್ನರ್ ಇಪ್ಪತ್ತನೇ ವಯಸ್ಸಿನಲ್ಲಿ ಅವಳ ಹತ್ತಿರ ಕೆಲಸ ಕೇಳಿಕೊಂಡು ಬಂದ. ನದಿಯ ಕೆಳದಂಡೆಯ ಬುಡಕಟ್ಟಿನವನು. ಅವರ ಹಿರಿಯರು ಅಣೆಕಟ್ಟು ಏಳುವ ಮೊದಲು ಸಮುದ್ರದಿಂದ ಮೊಟ್ಟೆಯಿಡಲು ಹತ್ತಿ ಬರುವ ಸಾಲ್ಮನ್ ಮೀನನ್ನು ನದಿಯ ಉದ್ದಕ್ಕೂ ಹಿಡಿಯುತ್ತಿದ್ದವರು. ಈಗ ಮೀನು ಅಣೆಕಟ್ಟಿನ ಗೋಡೆಗೆ ತಲೆ ಬಡಿದುಕೊಂಡು ಕೆಳಗೇ ಸಾಯುತ್ತಿತ್ತು. ಎರಡು ಸೀಸನ್ ರೊವೀನಾ ಅವನ ಕೈಗೆ ಹುಟ್ಟು ಕೊಡಲಿಲ್ಲ. ಪ್ರವಾಸಿಗಳ ಪಾಯಿಖಾನೆ ಡಬ್ಬ ಹೊರಿಸಿದಳು, ತೊಳೆಸಿದಳು. ಅವನು ತುಟಿಪಿಟಕ್ಕೆನ್ನಲಿಲ್ಲ. ಮೂರನೇ ವರ್ಷ ಕೊಟ್ಟಳು. ಮುಂದಿನ ಹದಿನೇಳು ವರ್ಷ ಅವಳ ಹಿಂದಿನ ರಾಫ್ಟ್‌ನಲ್ಲಿ ಅವನೇ. ಅವಳ ದೋಣಿ ಮಗುಚಿದ ಎರಡು ಸಲವೂ ಹಗ್ಗ ಎಸೆದು ಎಳೆದದ್ದು ಅವನೇ. ಅವರಿಬ್ಬರೂ ನೀರಿನಲ್ಲಿ ಮಾತಾಡಿದ್ದನ್ನು ನಾನು ನೋಡಿಲ್ಲ. ಅವಳು ಕೈ ಎತ್ತಿ ಯಾವ ಕಡೆ ಚಾಚಿದರೆ ಅವನು ಆ ಕಡೆ.

ಮೀನಿಗೆ ದಾರಿಯಾಗಲೆಂದು ಅಣೆಕಟ್ಟನ್ನು ಒಡೆಯುವ ಮಾತು ಎದ್ದಾಗ ಸ್ಕೂಲಿನ ಆಟದ ಹಾಲ್‌ನಲ್ಲಿ ಸಭೆ ಸೇರಿತು. ಹಿಂದಿನ ಸಾಲಿನಲ್ಲಿ ನಾನು ಕೂತಿದ್ದೆ, ಪಕ್ಕದಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಮುದುಕ ಆಲ್ವಾ. ರೊವೀನಾ ಮೈಕಿನ ಮುಂದೆ ನಿಂತು, ಗೋಡೆ ಬಿದ್ದರೆ ಬೇಸಿಗೆಗೆ ನೀರಿಲ್ಲ, ನೀರಿಲ್ಲದಿದ್ದರೆ ನಮ್ಮ ಕೆಲಸವಿಲ್ಲ, ಮೋಟೆಲ್ಲಿಲ್ಲ, ಊರೇ ಇಲ್ಲ ಎಂದಳು. ಅದು ನಿಜವೇ ಆಗಿತ್ತು. ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು.

“ಮೀನು ಮೀನು ಅಂತ ಬಡ್ಕೋತಾರಲ್ಲ, ಅಂಗಡೀಲಿ ಡಬ್ಬದಲ್ಲಿ ಸಿಗಲ್ವಾ?” ಎಂದಳು. ಅರ್ಧ ಹಾಲ್ ನಕ್ಕಿತು.

ಲೈಲ್ ಎದ್ದು ನಿಂತ. ಅವನು ಆ ದಿನ ಮಾತಾಡುತ್ತಾನೆಂದು ಯಾರೂ ಅಂದುಕೊಂಡಿರಲಿಲ್ಲ.

“ನನ್ನ ಚಿಕ್ಕಮ್ಮ ಐಡಾ ಚಪ್ಪಟೆ ಬಂಡೆ ಮೇಲೆ ಬಲೆ ಹಿಡ್ಕೊಂಡು ನಿಂತಿದ್ಲು,” ಎಂದ. “ನಾನು ಹುಟ್ಟೋಕೆ ಮುಂಚಿನ ಮಾತು. ಸೈರನ್ ಆಗ್ಲಿಲ್ಲ. ನೀರು ಬಂತು. ಬರೀ ಮೀನಿನ ಮಾತಲ್ಲ ಇದು, ರೋ.”

“ಸೈರನ್ ಆಯ್ತು ಅಂತ ಕಂಪನಿ ಪುಸ್ತಕದಲ್ಲಿದೆ. ಆವತ್ತು ಗೇಟಿನಲ್ಲಿದ್ದೋನು ನಮ್ಮಪ್ಪ.”

“ಪುಸ್ತಕದಲ್ಲಿದೆ. ಗೊತ್ತು.”

“ಹಾಗಾದ್ರೆ ನಿಮ್ಮ ಚಿಕ್ಕಮ್ಮ ಆವತ್ತು ಎಷ್ಟು ಕುಡಿದಿದ್ಲೋ ಅದನ್ನ ಯಾವ ಪುಸ್ತಕದಲ್ಲಿ ನೋಡೋಣ?”

ಮತ್ತೆ ಕೆಲವರು ನಕ್ಕರು. ಲೈಲ್ ನಿಂತೇ ಇದ್ದ, ನಗು ಪೂರ್ತಿ ಮುಗಿಯುವವರೆಗೆ. ಆಮೇಲೆ ಸೊಂಟದ ಗೊಂಚಲಿನಿಂದ ದೋಣಿ ಶೆಡ್ಡಿನ ಕೀಲಿ ಬಿಡಿಸಿ, ಹಾಲ್ ದಾಟಿ ಬಂದು, ಮೈಕಿನ ಪಕ್ಕದ ಮೇಜಿನ ಮೇಲಿಟ್ಟು ಹೊರಗೆ ಹೋದ. ನನ್ನ ಪಕ್ಕದಲ್ಲಿ ಆಲ್ವಾನ ಟೋಪಿ ಕೆಳಗೆ ಬಿದ್ದಿತ್ತು. ಎತ್ತಿಕೊಟ್ಟೆ.

ಹದಿನಾಲ್ಕು ವರ್ಷ ಆ ಜಗಳ ನಡೆಯಿತು. ರೊವೀನಾ ರಾಜಧಾನಿಗೆ ಹೋದಳು, ಪತ್ರ ಬರೆದಳು, ಸಹಿ ಹಾಕಿಸಿದಳು. ಅವಳ ಗಂಡ ಈ ಗಲಾಟೆ ಸಾಕಾಗಿ ಇನ್ನೊಂದು ಊರಿಗೆ ಹೋದ. ಅವನು ಹೋದದ್ದು ಮೂರು ದಿನವಾದ ಮೇಲೆ ತನಗೆ ಗೊತ್ತಾಯಿತೆಂದು ಅವಳೇ ಹೇಳುತ್ತಿದ್ದಳು. ಕೊನೆಗೆ, ಹಳೆಯ ಗೋಡೆಗೆ ಮೀನು ಹತ್ತಿ ದಾಟಲು ಮೆಟ್ಟಿಲು ಕಟ್ಟುವುದಕ್ಕಿಂತ ಗೋಡೆ ಒಡೆಯುವುದೇ ಸಲೀಸು ಎಂದು ಕಂಪನಿಗೇ ಅನ್ನಿಸಿತು. ಅವಳ ವಾದಕ್ಕೂ ಲೈಲ್‌ನವರ ವಾದಕ್ಕೂ ಆ ತೀರ್ಮಾನಕ್ಕೂ ಸಂಬಂಧವೇ ಇರಲಿಲ್ಲ. ಆಗಸ್ಟ್ ಮೂವತ್ತೊಂದಕ್ಕೆ ಬೇಸಿಗೆಯ ಕೊನೆಯ ನೀರು, ಜನವರಿಯಲ್ಲಿ ಸಿಡಿಮದ್ದು ಎಂದು ನೋಟೀಸು ಬಂತು.

ಆ ಸಭೆಯಾದ ವಾರದಿಂದಲೇ ಆಲ್ವಾ ಮಗಳ ಹತ್ತಿರ ಕೇಳಲು ಶುರುಮಾಡಿದ್ದ. ನನ್ನನ್ನೊಂದು ಸಲ ಕರ್ಕೊಂಡು ಹೋಗು, ಕಣಿವೆ ನೋಡಬೇಕು.

“ನೀನು ಗೇಟು ತಿರುಗಿಸೋನು. ದೋಣಿ ಹತ್ತೋಕೆ ಗುಂಡಿಗೆ ಬೇಕು,” ಎನ್ನುತ್ತಿದ್ದಳು ಅವಳು. ಎಪ್ಪತ್ತರಲ್ಲಿ ಕೇಳಿದಾಗ ಹಾಗೆ. ಎಂಬತ್ತರಲ್ಲಿ ಕೇಳಿದಾಗ, “ಈಗ ನೀನು ಸಾಮಾನಿನ ಜೊತೆ ಹೋಗ್ಬೇಕು, ಹಗ್ಗ ಕಟ್ಟಿ.” ಬೆಲ್ಟಿನ ಏಟನ್ನು ಅವಳು ಹೀಗೆ ಕಂತಿನಲ್ಲಿ ತೀರಿಸಿಕೊಳ್ಳುತ್ತಿದ್ದಳು ಎಂದು ನನಗೆ ಅನ್ನಿಸಿದ್ದುಂಟು. ಮುದುಕ ತಲೆಯಾಡಿಸುತ್ತಿದ್ದ. ಮುಂದಿನ ಬೇಸಿಗೆಗೆ ಮತ್ತೆ ಕೇಳುತ್ತಿದ್ದ.

ಆ ದಿನವೂ ಸೇರಿ ನೀರಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಬೆಳಿಗ್ಗೆ ಬಸ್ಸು ಸ್ಟಾರ್ಟ್ ಮಾಡುವಾಗ ನೋಡಿದರೆ ಆಲ್ವಾ ಮುಂದಿನ ಸೀಟಿನಲ್ಲಿ ಕೂತಿದ್ದಾನೆ. ಎಂಬತ್ತನಾಲ್ಕು ವಯಸ್ಸು. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಲೈಫ್ ಜಾಕೆಟ್ಟು.

“ರೋ, ಇದೇನು?” ಎಂದೆ. “ಎಪ್ಪತ್ತು ದಾಟಿದವರಿಗಿಲ್ಲ ಅಂತ ನೀನೇ ಫಾರಂನಲ್ಲಿ ಬರೆದಿದ್ದೀಯ.”

“ಫಾರಂ ಬರೆದವಳಿಗೆ ಹರಿಯೋಕೂ ಬರುತ್ತೆ. ಗಸ್, ನೀನು ಸ್ಟೀರಿಂಗ್ ನೋಡ್ಕೋ.”

“ಅವರಿಗೆ ಈಜು ಬರಲ್ಲ.”

“ಹದಿನಾಲ್ಕು ವರ್ಷದಿಂದ ಪ್ರಾಣ ತಿಂತಿದಾನೆ. ನಾಲ್ಕು ದಿನ ಆದ್ಮೇಲೆ ನದಿಯೇ ಇರಲ್ಲ. ಹೋಗ್ಲಿ ಬಿಡು, ನೋಡ್ಲಿ, ತನ್ನ ಗೇಟು ಏನು ಮಾಡ್ತಿತ್ತು ಅಂತ.”

ಅವಳು ಹಿಂದೆ ಹೋಗಿ ಪ್ರವಾಸಿಗಳಿಗೆ ಬೈಯುತ್ತಿದ್ದಾಗ ಆಲ್ವಾ ನನ್ನ ಕಡೆ ಬಗ್ಗಿದ.

“ಗಸ್, ಚಪ್ಪಟೆ ಬಂಡೆ ದೋಣಿಯಿಂದ ಕಾಣ್ಸುತ್ತಾ?”

“ಕಾಣ್ಸುತ್ತೆ. ಎಡಗಡೆ, ‘ಕಟುಕ’ ಬರೋಕೆ ಸ್ವಲ್ಪ ಮುಂಚೆ.” ನೀರು ಬಂಡೆಗಳ ನಡುವೆ ಧುಮುಕುವ ಜಾಗಕ್ಕೆ ನಾವು ಇಳಿತ ಎನ್ನುತ್ತೇವೆ, ನಮ್ಮ ಕಣಿವೆಯ ಅತಿ ಕೆಟ್ಟ ಇಳಿತದ ಹೆಸರು ಕಟುಕ.

ಅವನು ಕಿಟಕಿ ಕಡೆ ತಿರುಗಿದ. ಹೊರಗೆ ನೋಡಿಕೊಂಡೇ ಹೇಳಿದ:

“ಐಡಾ ಹೋದ್ಲಲ್ಲ, ಅದರ ಹಿಂದಿನ ದಿನವೇ ಸೈರನ್ ಮೋಟಾರು ಸುಟ್ಟುಹೋಗಿತ್ತು. ಫೋನ್ ಬಂತು. ಸಿಟೀಲಿ ಬಿಸಿಲು, ಕರೆಂಟು ಸಾಲ್ತಿಲ್ಲ, ಈಗ್ಲೇ ಎತ್ತು ಅಂದ್ರು. ಸೈರನ್ ಇಲ್ಲ ಅಂದೆ. ಎತ್ತು ಅಂದ್ರು. ಎತ್ತಿದೆ. ಸಾಯಂಕಾಲ ಬಂದು ಪುಸ್ತಕದಲ್ಲಿ ‘ಸೈರನ್ ಆಯಿತು’ ಅಂತ ಬರಿ ಅಂದ್ರು. ಬರೆದೆ. ನನ್ನ ಕೈಬರಹವೇ ಅದು.”

ರಸ್ತೆಯಲ್ಲಿ ಧೂಳಿತ್ತು. ಗೇರ್ ಬದಲಿಸಿದೆ.

“ರೋಗೆ ಹೇಳ್ಬೇಡ,” ಎಂದ. “ಅಷ್ಟು ಜನದ ಎದುರಿಗೆ ನನ್ನ ಪರವಾಗಿ ನಿಂತಿದ್ಲು ಅವಳು. ಬೇರೆ ಯಾವತ್ತು ನಿಂತಿದ್ಲು ಹೇಳು?”

ಅವರನ್ನು ಇಳಿಸಿ, ನಾನು ಎಂದಿನಂತೆ ಮೇಲಿನ ರಸ್ತೆ ಹಿಡಿದೆ. ಕಟುಕದ ನೆತ್ತಿಗೆ ಒಂದು ತಿರುವಿದೆ. ಅಲ್ಲಿ ಬಸ್ಸು ನಿಲ್ಲಿಸಿದರೆ ಕೆಳಗಿನ ಬಂಡೆ, ಇಳಿತ, ಎಲ್ಲ ಅಂಗೈಯಷ್ಟು ಸ್ಪಷ್ಟ. ಸೈರನ್ ಕೇಳಿತು. ಎತ್ತರದಿಂದ ನೀರು ಬಂದದ್ದು ನೋಡಿದೆ. ಆ ನೀರು ಬೇಸಿಗೆಯಲ್ಲಿ ಹಸಿರು ಬಣ್ಣದ್ದು, ಜಲಾಶಯದ ಪಾಚಿಯ ವಾಸನೆಯದು, ನೊರೆ ಕಂದು. ಚೆಂದವೇನೂ ಅಲ್ಲ. ಆದರೂ ಬಂದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು.

ರೊವೀನಾಳ ನೀಲಿ ರಾಫ್ಟ್ ಮೊದಲು ಬಂತು. ಆರು ಜನ ಹುಟ್ಟು ಹಾಕುವವರು, ನಡುವೆ ಆಲ್ವಾ, ಹಿಂದೆ ಅವಳು. ಕಟುಕಕ್ಕೆ ಇಳಿಯುವ ಮೊದಲು ಬಲಕ್ಕೆ ನಾಲ್ಕು ಜೋರು ಹುಟ್ಟು ಹಾಕಬೇಕು. ಹಾಕದಿದ್ದರೆ ಎಡದ ಸೀಳುಬಂಡೆ ಎಳೆದುಕೊಳ್ಳುತ್ತದೆ. ಇದು ಅವಳಿಗೆ ನಿದ್ದೆಯಲ್ಲೂ ಗೊತ್ತಿದ್ದದ್ದು.

ಚಪ್ಪಟೆ ಬಂಡೆ ಹತ್ತಿರವಾಯಿತು. ಆಲ್ವಾ ಎದ್ದ. ಪೂರ್ತಿ ಅಲ್ಲ, ಅರ್ಧ. ಒಂದು ಕೈ ಹಗ್ಗದಲ್ಲಿ, ಇನ್ನೊಂದು ಕೈ ಸತ್ತವರಿಗೆ ಟೋಪಿ ತೆಗೆಯುವವನ ಹಾಗೆ ತಲೆಯ ಹೆಲ್ಮೆಟ್ಟಿನ ಮೇಲೆ. ರೊವೀನಾ ಕೂಗಿದ್ದು ಮೇಲಿನ ರಸ್ತೆಗೂ ಕೇಳಿತು. “ಕೂತ್ಕೋ! ಕೂತ್ಕೋ ಮುದುಕಾ!” ಅವಳು ತನ್ನ ಹುಟ್ಟು ಬಿಟ್ಟು ಅವನ ಜಾಕೆಟ್ ಹಿಡಿದು ಕೆಳಕ್ಕೆ ಜಗ್ಗಿದಳು. ಅಷ್ಟೇ. ಒಂದು ಉಸಿರಿನಷ್ಟು ಹೊತ್ತು. ಬಲಕ್ಕೆ ಹಾಕಬೇಕಾದ ಹುಟ್ಟು ತಡವಾಯಿತು.

ರಾಫ್ಟ್ ಅಡ್ಡ ತಿರುಗಿ ಸೀಳುಬಂಡೆಗೆ ಬಡಿದು ಒಂದು ಮಗ್ಗುಲು ಆಕಾಶಕ್ಕೆ ಎದ್ದಿತು. ನಾಲ್ಕು ಜನ ನೀರಿಗೆ ಬಿದ್ದರು. ಮೂವರು ಕೆಳಗಿನ ಸುಳಿಯಲ್ಲಿ ಕೆಮ್ಮುತ್ತ ಮೇಲೆ ಬಂದರು. ಹಿಂದಿನ ರಾಫ್ಟ್‌ನವರು ಹಗ್ಗ ಎಸೆದು ಎಳೆದುಕೊಂಡರು. ಕಿತ್ತಳೆ ಬಣ್ಣದ ಒಂದು ಹೆಲ್ಮೆಟ್ಟು ಬರಿದಾಗಿ ತೇಲಿ ಹೋಯಿತು. ಆಲ್ವಾ ಬರಲಿಲ್ಲ.

ನಾನು ಬಂಡೆಗಳ ಮೇಲೆ ಜಾರಿಕೊಂಡು ಇಳಿಯುವ ಹೊತ್ತಿಗೆ ರೊವೀನಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೂರನೇ ಸಲ ನೀರಿಗೆ ಇಳಿದಿದ್ದಳು. ನೀರು ಅವಳನ್ನು ಎತ್ತಿ ದಡಕ್ಕೆ ಎಸೆಯಿತು. ಮತ್ತೆ ಇಳಿದಳು. ಐದನೇ ಸಲ ಅವಳ ಭುಜದ ಕೀಲು ತಪ್ಪಿತು. ಆರನೇ ಸಲ ಇಳಿಯದ ಹಾಗೆ ನಾವು ಮೂವರು ಅವಳ ಮೇಲೆ ಕೂತೆವು. ನನ್ನ ಕೈ ಕಚ್ಚಿದಳು.

ಶೆರಿಫ್ ಆಫೀಸಿನ ಪೊಲೀಸರು ಬಂದರು. ಜೊತೆಗೆ ನೀರಿಗೆ ಬಿದ್ದವರನ್ನು ಎತ್ತುವ ರಕ್ಷಣಾ ತಂಡ. ಅದರ ಮುಖ್ಯಸ್ಥ ಲೈಲ್ ಗಾರ್ನರ್. ಅವನು ಯಾರನ್ನೂ ಮಾತಾಡಿಸದೆ ಹತ್ತು ನಿಮಿಷ ನೀರನ್ನೇ ನೋಡಿದ.

“ಸೀಳುಬಂಡೆ ಕೆಳಗೆ ಪೊಟರೆ ಇದೆ. ಅದರೊಳಗಿದಾರೆ,” ಎಂದ. “ಈ ನೀರಲ್ಲಿ ಯಾರೂ ಹೋಗೋಕಾಗಲ್ಲ. ಅಣೆಕಟ್ಟಿಗೆ ಫೋನ್ ಮಾಡಿ, ಗೇಟು ಮುಚ್ಚಿಸಿ.”

ಪೊಲೀಸರ ಡೆಪ್ಯುಟಿ ರೇಡಿಯೋ ಎತ್ತಿಕೊಂಡ. ಆ ಕಡೆಯಿಂದ ಏನೋ ಕೇಳಿದರು. ಅವನು ಮುಖ ತಿರುಗಿಸಿ ರೊವೀನಾಳನ್ನು ಕೇಳಿದ:

“ಮುಚ್ಚಿದ್ರೆ ಮತ್ತೆ ತೆರೆಯಲ್ವಂತೆ. ಇನ್ನು ಮೂರು ದಿನಕ್ಕೋಸ್ಕರ ಯಂತ್ರ ಮತ್ತೆ ಶುರು ಮಾಡಲ್ಲ ಅಂತಿದಾರೆ. ಏನು ಹೇಳ್ಲಿ?”

ಈ ಪ್ರಶ್ನೆಯನ್ನು ಅವಳಿಗೆ ಕೇಳುವ ಅಗತ್ಯ ಅವನಿಗಿರಲಿಲ್ಲ. ಕೇಳಿದ. ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವಳು ನೀರಿನ ಕಡೆ ನೋಡಿದಳು. ಹದಿನಾಲ್ಕು ವರ್ಷ ಯಾವುದಕ್ಕೆ ಕಾದಾಡಿದ್ದಳೋ ಅದರ ಕೊನೆಯ ಮೂರು ದಿನ.

“ಮುಚ್ಚು,” ಎಂದಳು.

ನೀರು ಒಮ್ಮೆಗೇ ನಿಲ್ಲಲಿಲ್ಲ. ಒಂದು ಗಂಟೆಯ ಮೇಲೆ ಹಿಡಿಯಿತು. ಮೊದಲು ನೊರೆ ತೆಳುವಾಯಿತು. ಆಮೇಲೆ ಬಂಡೆಗಳು ಒಂದೊಂದಾಗಿ ಬೆನ್ನು ತೋರಿಸಿದವು. ಕಟುಕದ ಸದ್ದು ಕುಗ್ಗಿ ಕುಗ್ಗಿ, ಕೊನೆಗೆ ಯಾರೋ ಕೊಳಾಯಿ ಸರಿಯಾಗಿ ಮುಚ್ಚದ ಹಾಗೆ ತೊಟ್ಟಿಕ್ಕತೊಡಗಿತು. ಆಗ ಇಷ್ಟು ದೊಡ್ಡ ಇಳಿತವೆಂದು ನಾವು ಹೆದರುತ್ತಿದ್ದದ್ದು ಬರೀ ಎಂಟು ಹತ್ತು ಕಲ್ಲು ಎಂದು ಕಂಡಿತು.

ಲೈಲ್ ತೆವಳಿಕೊಂಡು ಪೊಟರೆಯೊಳಗೆ ಹೋದ. ಆಲ್ವಾನನ್ನು ಹೊರಗೆ ತಂದ. ಜಾಕೆಟ್ಟು ಕೊರಳವರೆಗೆ ಏರಿ ಸಿಕ್ಕಿಕೊಂಡಿತ್ತು. ಅಂಗಿಯ ಗುಂಡಿಗಳು ಮಾತ್ರ ಒಂದೂ ಬಿಚ್ಚಿರಲಿಲ್ಲ. ರೊವೀನಾ ಅಪ್ಪನ ಕಾಲ ಬಳಿ ಕೂತಳು. ಅಳಲಿಲ್ಲ. ಅವನ ಶೂ ಲೇಸು ಕಟ್ಟತೊಡಗಿದಳು, ಒಂದೇ ಕೈಯಲ್ಲಿ. ಆಗುತ್ತಿರಲಿಲ್ಲ.

“ಥ್ಯಾಂಕ್ಸ್ ಲೈಲ್,” ಎಂದಳು. ಅವನ ಜೊತೆ ಹದಿನಾಲ್ಕು ವರ್ಷದ ನಂತರ ಆಡಿದ ಮೊದಲ ಮಾತು.

ಲೈಲ್ ಕೈಗವಸು ಕಳಚುತ್ತಿದ್ದ.

“ಐಡಾ ಚಿಕ್ಕಮ್ಮನ್ನ ಹುಡುಕೋಕೆ ನಮ್ಮಜ್ಜ ಗೇಟು ಮುಚ್ಚಿ ಅಂತ ಹೋಗಿ ಕೇಳಿದ್ದ,” ಎಂದ. ದನಿ ಏರಿಸಲಿಲ್ಲ. “ಆಗಲ್ಲ ಅಂದ್ರು. ಹನ್ನೊಂದು ದಿನ ಆದ್ಮೇಲೆ ಅವಳೇ ತೇಲಿಕೊಂಡು ಬಂದ್ಲು. ಕೈಯಲ್ಲಿದ್ದ ಉಂಗುರ ನೋಡಿ ಗುರುತು ಹಿಡಿದ್ರು. ನಿಂಗೆ ಎರಡು ಗಂಟೆಯಲ್ಲಿ ಸಿಕ್ಕಿದಾರೆ. ಕರ್ಕೊಂಡು ಹೋಗು.”

ಹಾಗೆ ಹೇಳಿ ಅವನು ದಂಡೆ ಹತ್ತಿ ಹೋದ. ಡೆಪ್ಯುಟಿ ನೆಲ ನೋಡಿದ. ನಾನೂ.

ಊರು ಅವಳ ಮೇಲೆ ಕರುಣೆ ತೋರಿಸಿತು ಎಂದು ಹೇಳಬೇಕಿತ್ತು. ತೋರಿಸಲಿಲ್ಲ. ಆ ಮೂರು ದಿನಕ್ಕೆ ಕಣಿವೆಯ ಎಲ್ಲ ದೋಣಿಯವರೂ ದೂರದೂರದ ಜನರನ್ನು ಕರೆದಿದ್ದರು: ಕೊನೆಯ ನೀರು, ಕೊನೆಯ ಪಯಣ ಎಂದು. ಎಲ್ಲರೂ ವಾಪಸು ಹೋದರು. ಅವಳ ಟ್ರಕ್ಕಿನ ಗಾಜಿನ ಧೂಳಿನ ಮೇಲೆ ಯಾರೋ ಬೆರಳಲ್ಲಿ ‘ನೀರು ವಾಪಸ್ ಕೊಡು’ ಎಂದು ಬರೆದಿದ್ದರು. ಬಾರಿನಲ್ಲಿ ಬ್ರೆಂಟ್ ಎಂಬ ಗೈಡ್, ಅವಳೇ ಕೆಲಸ ಕಲಿಸಿದವನು, ಅವಳಿಗೆ ಕೇಳುವ ಹಾಗೆ ಹೇಳಿದ:

“ಅಣೆಕಟ್ಟು ಉಳಿಸ್ತೀನಿ ಉಳಿಸ್ತೀನಿ ಅಂದ್ಲು. ಕೊನೆಗೆ ಮುಚ್ಚಿಸಿದ್ದು ಅವಳೇ. ಮೀನಿನವರು ಅವಳಿಗೊಂದು ಹಾರ ಹಾಕ್ಬೇಕು.”

ನಲವತ್ತು ವರ್ಷ ಒಬ್ಬರೂ ಸತ್ತಿಲ್ಲ ಎನ್ನುತ್ತಿದ್ದವಳು ಎದ್ದು ಹೋದಳು. ಗ್ಲಾಸು ಅರ್ಧ ಹಾಗೇ ಇತ್ತು. ಆಮೇಲೆ ಆ ಬಾರಿಗೆ ಬರಲಿಲ್ಲ.

ಶವಸಂಸ್ಕಾರಕ್ಕೆ ಒಂಬತ್ತು ಜನ ಬಂದಿದ್ದೆವು. ಎಲ್ಲ ಮುಗಿದ ಮೇಲೆ ಅವಳ ಅಡುಗೆಮನೆಯಲ್ಲಿ ಆಲೂಗಡ್ಡೆ ಸಲಾಡ್ ತಟ್ಟೆಗೆ ಹಾಕಿಕೊಳ್ಳುತ್ತಿದ್ದಾಗ ಅವಳು ಕೇಳಿದಳು: “ಯಾಕೆ ಎದ್ದ ಅವನು? ಹೇಳಿದ್ದೆ, ಏಳ್ಬೇಡ ಅಂತ. ಹತ್ತು ಸಲ ಹೇಳಿದ್ದೆ.”

ನಾನು ಆಗ ಹೇಳಬಾರದಿತ್ತೋ, ಮೊದಲೇ ಹೇಳಬೇಕಿತ್ತೋ, ಇವತ್ತಿಗೂ ಗೊತ್ತಿಲ್ಲ. ಹೇಳಿದೆ. ಸುಟ್ಟ ಮೋಟಾರು, ಫೋನು, ಪುಸ್ತಕ, ಕೈಬರಹ.

ಅವಳು ಕೇಳಿಸಿಕೊಂಡಳು.

“ಬಸ್ಸಲ್ಲಿ ಹೇಳಿದ್ನಾ?”

“ಹೌದು.”

“ಅವತ್ತು ಬೆಳಿಗ್ಗೆ?”

“ಹೌದು.”

“ನೀನು ನನ್ನ ಹತ್ರ ಬಂದು, ರೋ, ನಿಮ್ಮಪ್ಪ ಆ ಬಂಡೆ ನೋಡೋಕೆ ಬಂದಿದಾನೆ, ಅಲ್ಲಿ ದಡಕ್ಕೆ ನಿಲ್ಲಿಸು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ನಿಲ್ಲಿಸ್ತಿದ್ದೆ. ಇಳಿಸಿ ನಿಲ್ಲಿಸಿ ತೋರಿಸ್ತಿದ್ದೆ.”

“ಹೇಳ್ಬೇಡ ಅಂದ್ರು ರೋ.”

“ಅವನು ಹೇಳ್ಬೇಡ ಅಂದ. ಗೇಟು ಎತ್ತು ಅಂದ್ರು, ಎತ್ತಿದ. ಬರಿ ಅಂದ್ರು, ಬರೆದ. ಎಲ್ಲ ಹೇಳಿದಂಗೆ ಕೇಳೋರೇ ನೀವು.” ನನ್ನ ತಟ್ಟೆ ಕಿತ್ತುಕೊಂಡು ತೊಟ್ಟಿಗೆ ಹಾಕಿದಳು. “ಹೊರಡು.”

ಜನವರಿಯಲ್ಲಿ ಗೋಡೆ ಒಡೆದರು. ಅರವತ್ತು ವರ್ಷದ ಕೆಸರು ಕಪ್ಪಗೆ ಇಳಿದು ಬಂತು. ಜಲಾಶಯದ ಮೀನು ದಂಡೆಯ ಮೇಲೆ ಸತ್ತು ಬಿದ್ದು ಮಾರ್ಚ್‌ವರೆಗೂ ಊರು ನಾರಿತು. ಲೈಲ್‌ನ ತಾಯಿ, ಮೇಲಿನ ನದಿಗೆ ಸಾಲ್ಮನ್ ಬರುವುದನ್ನು ನೋಡಬೇಕೆಂದು ಹಟ ಹಿಡಿದು ಬದುಕಿದ್ದವಳು, ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಮೊದಲ ಮೀನು ಅಕ್ಟೋಬರ್ ಎರಡನೇ ವಾರ ಗೋಡೆಯ ಜಾಗ ದಾಟಿತು.

ಕೆಳಗಿನ ಕಣಿವೆಯಲ್ಲಿ ಬೇಸಿಗೆಯ ದೋಣಿ ಮುಗಿಯಿತು. ಬ್ರೆಂಟ್ ಮತ್ತಿತರರು ರಾಫ್ಟ್ ಮಾರಿ ಊರು ಬಿಟ್ಟರು. ಆದರೆ ಜಲಾಶಯ ಬರಿದಾದ ಕಡೆ, ಅದರ ತಳದಲ್ಲಿ ಹೂತಿದ್ದ ಮೂರು ಮೈಲಿಯ ಹಳೆಯ ಕಂದರ ಹೊರಗೆ ಬಂದಿತ್ತು. ಹಿಮ ಕರಗುವ ಏಪ್ರಿಲಿನಿಂದ ಜೂನ್ ಆರಂಭದವರೆಗೆ ಅಲ್ಲಿ ನೀರಿತ್ತು, ತಣ್ಣಗೆ, ತಿಳಿಯಾಗಿ. ಬದುಕಿರುವ ಯಾರೂ ಆ ಇಳಿತಗಳನ್ನು ನೋಡಿರಲಿಲ್ಲ. ಅಲ್ಲಿ ದೋಣಿ ಬಿಡುವ ಪರವಾನಗಿ ಬುಡಕಟ್ಟಿಗೆ ಸಿಕ್ಕಿತು, ಲೈಲ್ ನಡೆಸತೊಡಗಿದ. ಹೊಟ್ಟೆಪಾಡು, ನಾನು ಅವನ ಬಸ್ಸು ಓಡಿಸಲು ಸೇರಿಕೊಂಡೆ.

ರೊವೀನಾಗೆ ಭುಜ ಪೂರ್ತಿ ಸರಿಹೋಗಲಿಲ್ಲ. ಹುಟ್ಟು ಹಿಡಿಯಲಾಗುತ್ತಿರಲಿಲ್ಲ. ಅವಳು ದಿನಾ ಆ ಕಂದರದ ಅಂಚಿನಲ್ಲಿ ಒಬ್ಬಳೇ ನಡೆಯುತ್ತಿದ್ದಳು. ಕಡ್ಡಿ ಎಸೆದು ಅದು ಎತ್ತ ಹೋಗುತ್ತದೆಂದು ಗಂಟೆಗಟ್ಟಲೆ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಲೈಲ್ ಪ್ರವಾಸಿಗಳಿಗೆ ಹೆಲ್ಮೆಟ್ ಹಂಚುತ್ತಿದ್ದಾಗ ನೇರ ಅವನ ಹತ್ತಿರ ಬಂದಳು.

“ಎರಡನೇ ಇಳಿತದಲ್ಲಿ ನಿನ್ನ ಗೈಡುಗಳು ಬಲಕ್ಕೆ ಹೋಗ್ತಿದಾರೆ. ಬಲಗಡೆ ಬಂಡೆ ಗೋಡೆ ಒಳಗೆ ಕೊರೆದಿದೆ, ನೀರಿನ ಕೆಳಗೆ. ಎಡಕ್ಕೆ ಹೋಗ್ಬೇಕು. ಎಡಕ್ಕೆ ಹೋಗೋದು ಕಷ್ಟ ಅಂತ ಕಾಣ್ಸುತ್ತೆ, ಆದ್ರೆ ಅದೇ ದಾರಿ.”

ಲೈಲ್ ಹಂಚುವುದನ್ನು ನಿಲ್ಲಿಸಲಿಲ್ಲ. “ನಿಮ್ಮಪ್ಪನ್ನ ದಾಟಿಸೋಕಾಗದವಳು ನಂಗೆ ದಾರಿ ಹೇಳ್ತೀಯಾ?”

ರೊವೀನಾ ಮುರಿದ ಹಲ್ಲು ತೋರಿಸಿ ಒಂದು ಥರ ನಕ್ಕಳು. ಅಂಥ ಏಟು ಅವಳೇ ಕೊಡಬಹುದಿತ್ತು. ಅದರ ಗುಣ ಅವಳಿಗೆ ಗೊತ್ತಾಯಿತು ಎಂದು ಕಾಣುತ್ತದೆ. ತಿರುಗಿ ನಡೆದಳು.

ಎಂಟು ದಿನಕ್ಕೆ ಬಲಗಡೆಯ ಗೋಡೆ ಲೈಲ್‌ನ ಒಂದು ರಾಫ್ಟ್ ಎಳೆದುಕೊಂಡಿತು. ಯಾರೂ ಸಾಯಲಿಲ್ಲ. ಗೈಡ್ ಹುಡುಗಿಯ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಆ ಸಂಜೆ ಲೈಲ್ ನನ್ನನ್ನು ಜೊತೆಗೆ ಕರೆದುಕೊಂಡು ರೊವೀನಾಳ ಮನೆಗೆ ಹೋದ. ಅವಳು ಜಾಲರಿ ಬಾಗಿಲನ್ನು ತೆರೆಯದೆ ಒಳಗೇ ನಿಂತಳು.

“ಎಡಕ್ಕೆ ಎಲ್ಲಿಂದ ತಿರುಗ್ಬೇಕು, ರೋ?”

“ಬೇಡ ಅಂದ್ಯಲ್ಲ.”

“ಅಂದೆ. ತಪ್ಪು. ಈಗ ಕೇಳ್ತಿದೀನಿ.”

“ನಿನ್ನ ಹುಡುಗಿ ಕಾಲು ಮುರ್ಕೊಂಡ್ಮೇಲೆ ಕೇಳ್ತಿದೀಯ.”

“ನೀನು ನಮ್ಮ ಚಿಕ್ಕಮ್ಮನಿಗೆ ಕುಡುಕಿ ಅಂದೆ. ಅದಕ್ಕೆ ನಾನಿನ್ನೂ ಏನೂ ಕೇಳಿಲ್ಲ.”

ರೊವೀನಾ ಜಾಲರಿಯ ಆ ಕಡೆಯಿಂದ ಅವನನ್ನೇ ನೋಡಿದಳು. ತಪ್ಪಾಯಿತು ಎನ್ನುತ್ತಾಳೆ ಎಂದುಕೊಂಡೆ. ಬಾಯಿ ತೆರೆದಳು ಕೂಡ.

“ನಾಯಿ ಬಿಡ್ತೀನಿ. ಹೋಗಿ ಇಬ್ರೂ,” ಎಂದಳು.

ಮಾರನೇ ದಿನ ರಾಫ್ಟ್‌ಗಳು ಎರಡನೇ ಇಳಿತದ ತಿರುವಿಗೆ ಬಂದಾಗ ದಂಡೆಯ ಬಂಡೆಯ ಮೇಲೆ ಅವಳು ನಿಂತಿದ್ದಳು. ಒಳ್ಳೆಯ ಕೈಯನ್ನು ಎಡಕ್ಕೆ ಚಾಚಿ. ಲೈಲ್ ಮೊದಲ ರಾಫ್ಟ್‌ನಲ್ಲಿದ್ದ. ಒಂದು ಕ್ಷಣ ನೋಡಿದ, ಎಡಕ್ಕೆ ತಿರುಗಿಸಿದ. ಹಿಂದಿನವರೂ ತಿರುಗಿದರು. ನಾಲ್ಕೂ ರಾಫ್ಟ್ ಕೂದಲೂ ಕೊಂಕದೆ ಇಳಿದು ಹೋದವು. ಅವಳು ಕೂಗುತ್ತಿದ್ದಳು: “ಹೊಡೀರೋ ದರಿದ್ರಗಳಾ! ಮಜ್ಜಿಗೆ ಕಡೀತಿದೀರಾ?” ಪ್ರವಾಸಿಗಳಿಗೆ ಬಹಳ ಖುಷಿಯಾಯಿತು. ಫೋಟೋ ತೆಗೆದರು. “ಆ ಅಜ್ಜಿ ನಿಮ್ಮ ಕಡೆಯವರಾ?” ಎಂದು ಒಬ್ಬ ಕೇಳಿದ. “ಅಲ್ಲ,” ಎಂದ ಲೈಲ್.

ನೀರಿದ್ದ ಅಷ್ಟೂ ದಿನ ಬಂದು ನಿಂತಳು. ಮುಂದಿನ ವರ್ಷವೂ ಬಂದಳು. ಜಾಲರಿ ಬಾಗಿಲಿನ ಆ ಸಂಜೆಯ ನಂತರ ಅವರಿಬ್ಬರೂ ಇನ್ನೂ ಮಾತಾಡಿಲ್ಲ. ದಾರಿ ಎಲ್ಲರಿಗೂ ಈಗ ಗೊತ್ತು, ಅವಳು ತೋರಿಸಬೇಕಾಗಿಲ್ಲ. ಆದರೆ ಬಂಡೆಯ ಮೇಲೆ ಅವಳನ್ನು ಕಾಣುವವರೆಗೂ ಲೈಲ್ ಹುಟ್ಟು ಎತ್ತುವುದಿಲ್ಲ.

ಕಳೆದ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಹಳ ಚಳಿಯಿತ್ತು. ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಅವಳಿದ್ದ ಬಂಡೆಗೆ ಇಳಿದು ಹೋದೆ. ಆ ಅಡುಗೆಮನೆಯ ಮಧ್ಯಾಹ್ನದ ಮೇಲೆ ಅವಳು ನನ್ನ ಹತ್ತಿರ ಮಾತಾಡಿದ್ದು ನಾಯಿ ಬಿಡುತ್ತೇನೆ ಎಂದಾಗ ಮಾತ್ರ. ಲೋಟ ತೆಗೆದುಕೊಂಡಳು. ಒಂದು ಗುಟುಕು ಕುಡಿದಳು.

“ಯಾರು ಮಾಡಿದ್ದು? ಲೈಲ್‌ನ ಕ್ಯಾಂಪಿಂದಾ?”

“ಹೌದು.”

ಉಳಿದದ್ದನ್ನು ನದಿಗೆ ಚೆಲ್ಲಿ ಲೋಟ ನನ್ನ ಕೈಗಿಟ್ಟಳು.

“ಕಲಗಚ್ಚು. ನಾಳೆ ನಿನ್ನ ಮನೇದು ತಗೊಂಡು ಬಾ,” ಎಂದಳು.